ಮೂರು ಕಾರು, ಒಂದು ಘಾಟಿ: ಗಾಡಿಗೆ ಕಡಿಮೆ ಖರ್ಚಿನ ವೈರ್‌ಲೆಸ್ ಸೆಟ್ ಯಾವುದು ತಗೊಳ್ಳಲಿ?

ಚಿಂಚವಾಡ ಸವಾರ, ಪುಣೆ

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ನಮ್ಮ ಮೂರು ಮನೆಯವರು ಮೂರು ಕಾರಿನಲ್ಲಿ ಗೋವಾಕ್ಕೆ ಹೊರಟಿದ್ದೇವೆ. ಸಾತಾರಾ, ಕೊಲ್ಹಾಪುರ ದಾಟಿ, ನಿಪ್ಪಾಣಿಯಲ್ಲಿ ಹೆದ್ದಾರಿ ಬಿಟ್ಟು, ಆಂಬೋಲಿ ಘಾಟಿ ಇಳಿದು ಸಾವಂತವಾಡಿಗೆ ಸೇರುವ ದಾರಿ.

ಹೋದ ವರ್ಷ ಇದೇ ಘಾಟಿಯಲ್ಲಿ ಹಿಂದಿನ ಕಾರಿನ ಟೈರ್ ಪಂಕ್ಚರ್ ಆಯಿತು. ಅದರಲ್ಲಿ ನನ್ನ ಭಾವ, ಅಕ್ಕ, ಎಪ್ಪತ್ತು ದಾಟಿದ ನಮ್ಮವ್ವ ಇದ್ದರು. ಮಂಜು ಎಷ್ಟಿತ್ತೆಂದರೆ ಬಾನೆಟ್ಟಿನ ಆಚೆ ಏನೂ ಕಾಣುತ್ತಿರಲಿಲ್ಲ. ಮೊಬೈಲಿಗೆ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ನಾವು ಮುಂದೆ ಹೋದವರು ಸಾವಂತವಾಡಿ ತಲುಪಿ ಮುಕ್ಕಾಲು ಗಂಟೆ ಕಾದಮೇಲೆ ಹಿಂದಿನವರು ಬಂದಿಲ್ಲ ಎಂಬುದು ಲಕ್ಷ್ಯಕ್ಕೆ ಬಂತು. ತಿರುಗಿ ಹತ್ತಿ ಹೋಗುವಾಗ ಪ್ರತಿ ತಿರುವಿನಲ್ಲೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಈ ಸಲ ಕಾರಿಗೆ ಕೂಡಿಸುವಂಥ ಎರಡೂ ಕಡೆಯಿಂದ ಮಾತಾಡುವ ರೇಡಿಯೊ ಸೆಟ್ ಹಾಕಿಸಬೇಕು ಅಂತ ಇದ್ದೀನಿ. ಗಾಡಿಗೆ ಎಂಟು-ಹತ್ತು ಸಾವಿರದೊಳಗೆ ಆದರೆ ಒಳ್ಳೆಯದು. ಆನ್‌ಲೈನ್‌ನಲ್ಲಿ 25 ವ್ಯಾಟ್, 50 ವ್ಯಾಟ್, ರೇಂಜ್ 20 ಕಿಲೋಮೀಟರ್ ಅಂತೆಲ್ಲ ಬರೆದಿರುತ್ತಾರೆ. ಯಾವುದನ್ನು ನಂಬಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ವಾಸ್ಕೋ ವೈರಿಂಗ್, ಗೋವಾ

ನಮಸ್ಕಾರ್ರಿ ಅಣ್ಣಾರ. ನಾನು ಹದಿನೆಂಟು ವರ್ಷದಿಂದ ವಾಸ್ಕೋದಾಗ ಗಾಡಿ ಎಲೆಕ್ಟ್ರಿಕ್ ಕೆಲಸ ಮಾಡ್ತೀನಿ, ಮೂಲ ಊರು ಬಾಗಲಕೋಟಿ ಕಡೆ. ಸೆಟ್ ಯಾವುದು ಅಂತ ಆಮ್ಯಾಲ ನೋಡೂಣು. ಮೊದಲ ಒಂದು ಮಾತು: ಆ 20 ಕಿಲೋಮೀಟರ್ ಲೆಕ್ಕ ಘಾಟಿಯಾಗ ನಡಿಯೂದಿಲ್ಲ. ಗುಡ್ಡ ಅಡ್ಡ ಬಂತು ಅಂದ್ರ ವ್ಯಾಟ್ ಎಷ್ಟಿದ್ರೂ ಅಷ್ಟ. ಮತ್ತ ಸೆಟ್ ಎಷ್ಟ ಛಲೋ ಇರಲಿ, ಆಂಟೆನಾ ಗಾಡಿ ಒಳಗ ಇಟ್ರ ಪತ್ರಾ ಡಬ್ಬಿಯೊಳಗ ಕುಂತು ಕೂಗಿದಂಗ ಆಗ್ತೈತಿ.

ಸಿಂಹಗಡ ಸಿಗ್ನಲ್, ಪುಣೆ

ಸವಾರರೇ, ನೀವು ದುಡ್ಡು ಕೊಡುವ ಮುನ್ನ ಕಾನೂನಿನ ಮಾತು ಕೇಳಿಬಿಡಿ. ನಾನು ಇಪ್ಪತ್ತೆರಡು ವರ್ಷದಿಂದ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್, ನಡೆಸುತ್ತಿದ್ದೇನೆ. ಹೊಸಬರು ಎಡವುವುದು ಇಲ್ಲಿಯೇ.

ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ವೈರ್‌ಲೆಸ್ ಸೆಟ್‌ನಲ್ಲಿ ಮಾತಾಡುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ತಪ್ಪು. ಇದು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದ ಬಂದದ್ದು. ನೀವು ನೋಡಿದ 25 ವ್ಯಾಟ್, 50 ವ್ಯಾಟ್ ಸೆಟ್‌ಗಳು ಹೆಚ್ಚಾಗಿ 136ರಿಂದ 174 ಮೆಗಾಹರ್ಟ್ಸ್, 400ರಿಂದ 470 ಮೆಗಾಹರ್ಟ್ಸ್ ತನಕ ತೆರೆದುಕೊಂಡಿರುತ್ತವೆ. ಆ ಹರವಿನಲ್ಲಿ ಪೊಲೀಸರು, ಬಂದರು, ರೈಲ್ವೆ ಎಲ್ಲರೂ ಇದ್ದಾರೆ. ಹ್ಯಾಮ್‌ಗಳಿಗೆ ಕೊಟ್ಟಿರುವುದು ಅದರಲ್ಲಿ 144ರಿಂದ 146, 434ರಿಂದ 438 ಎಂಬ ಎರಡು ಸಣ್ಣ ಪಟ್ಟಿಗಳನ್ನು ಮಾತ್ರ. ಅದೂ ಪರೀಕ್ಷೆ ಪಾಸಾಗಿ, ಕರೆಸಂಕೇತ, ಅಂದರೆ ರೇಡಿಯೊದಲ್ಲಿ ಹೇಳಬೇಕಾದ ಗುರುತಿನ ಹೆಸರು, ಸಿಕ್ಕಮೇಲೆ.

ಪರವಾನಗಿ ಬೇಡದ ದಾರಿ ಎರಡು ಇವೆ. ಒಂದು, 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ವಾಕಿಟಾಕಿಗಳು. 2018ರ ನಿಯಮದಲ್ಲಿ ಇವಕ್ಕೆ ವಿನಾಯಿತಿ ಉಂಟು. ಪವರ್ ಅರ್ಧ ವ್ಯಾಟ್, ಆಂಟೆನಾ ಬಿಚ್ಚುವ ಹಾಗಿಲ್ಲ. ಇನ್ನೊಂದು, 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್, 5 ವ್ಯಾಟ್ ತನಕ. ಅಮೆರಿಕದ ಲಾರಿ ಚಾಲಕರು ಬಳಸುತ್ತಿದ್ದದ್ದು ಅದನ್ನೇ. ಆದರೆ ಅದರ ತರಂಗ 11 ಮೀಟರ್ ಉದ್ದ, ಸರಿಯಾದ ಕಾಲು ತರಂಗದ ಆಂಟೆನಾ ಎಂದರೆ ಎರಡೂ ಮುಕ್ಕಾಲು ಮೀಟರ್ ಕಡ್ಡಿ. ಸುರುಳಿ ಸುತ್ತಿ ಗಿಡ್ಡ ಮಾಡಿದ್ದನ್ನು ಹಾಕಬಹುದು, ಕೆಲಸ ಅಷ್ಟಕ್ಕಷ್ಟೇ. ನಮ್ಮಲ್ಲಿ ಅದರ ಸೆಟ್ ಸಿಗುವುದೂ ಕಷ್ಟ. ಕುಟುಂಬದ ಪ್ರಯಾಣಕ್ಕೆ ಅದನ್ನು ನಾನು ಹೇಳುವುದಿಲ್ಲ.

ಮಾಟುಂಗಾ ಮಾವ, ಮುಂಬಯಿ

ಈ ಚರ್ಚೆ ನನಗೂ ಬೇಕಿತ್ತು ಮಾರಾಯ್ರೆ. ನಮ್ಮದು ಅಡುಗೆಯ ವ್ಯಾಪಾರ, ಮದುವೆ-ಮುಂಜಿಗೆ ಊಟ ಕೊಡುವುದು. ನಾಲ್ಕು ಟೆಂಪೊ ಉಂಟು. ಸಾಂಬಾರಿನ ಗಾಡಿ ಒಂದು ಕಡೆ, ಅನ್ನದ ಗಾಡಿ ಇನ್ನೊಂದು ಕಡೆ ಸಿಕ್ಕಿಕೊಂಡರೆ ನಾನು ಫೋನ್ ಮೇಲೆ ಫೋನ್ ಮಾಡಬೇಕು. ಒಂದೊಂದು ಸೆಟ್ ಹಾಕಿಸಿದರೆ ಒಳ್ಳೆಯದಲ್ಲವೋ ಅಂತ.

ಇನ್ನೊಂದು ಕಾರಣವೂ ಉಂಟು. 2005ರ ಜುಲೈ 26ರಂದು ನಾನು ಕುರ್ಲಾದಲ್ಲಿದ್ದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ ಅದು. ಎದೆ ಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ಮನೆ ಮುಟ್ಟುವಾಗ ರಾತ್ರಿ ಎರಡು ಗಂಟೆ. ಅಷ್ಟು ಹೊತ್ತು ಮನೆಯವರಿಗೆ ನಾನು ಬದುಕಿದ್ದೇನೋ ಇಲ್ಲವೋ ಗೊತ್ತಿಲ್ಲ. ಒಂದು ಫೋನೂ ತಾಗುತ್ತಿರಲಿಲ್ಲ. ಆವತ್ತಿನಿಂದ ಮೊಬೈಲ್ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ.

ಸಿಂಹಗಡ ಸಿಗ್ನಲ್, ಪುಣೆ

ಮಾವ, ನಿಮ್ಮ ಎರಡು ಕಾರಣಗಳಿಗೆ ಎರಡು ಉತ್ತರ. ವ್ಯಾಪಾರಕ್ಕೆ ಹ್ಯಾಮ್ ಸೆಟ್ ಬಳಸುವಂತಿಲ್ಲ. ಹಣಕಾಸಿನ ಲಾಭಕ್ಕೆ ಒಂದು ಮಾತನ್ನೂ ಆಡಕೂಡದು ಎಂಬುದು ಹವ್ಯಾಸಿ ಪರವಾನಗಿಯ ಮೂಲ ಷರತ್ತು. ಸಂಸ್ಥೆಗಳಿಗೆಂದೇ ಬೇರೆ ಪರವಾನಗಿ ಇದೆ, ಪ್ರತಿವರ್ಷ ಶುಲ್ಕ ಕಟ್ಟಬೇಕು. ನಾಲ್ಕು ಟೆಂಪೊಗೆ ಅದು ಭಾರ. ನಿಮ್ಮ ಟೆಂಪೊ ಓಡುವುದು ಮುಂಬಯಿ ಊರೊಳಗೆ ಅಂದಮೇಲೆ ಸಿಮ್ ಹಾಕುವ ವಾಕಿಟಾಕಿ ಸಾಕು. ಗುಂಡಿ ಒತ್ತಿದರೆ ನಾಲ್ವರಿಗೂ ಒಟ್ಟಿಗೆ ಕೇಳಿಸುತ್ತದೆ. ಆದರೆ ಅದು ಮೊಬೈಲ್ ಟವರ್ ಮೇಲೆಯೇ ನಡೆಯುವುದರಿಂದ 2005ರಂಥ ದಿನ ಬಂದರೆ ಅದೂ ಮಲಗುತ್ತದೆ.

ಆ ದಿನಕ್ಕೆ ಬೇಕಾದದ್ದು ಹ್ಯಾಮ್. 1993ರ ಲಾತೂರ್ ಭೂಕಂಪ, 2001ರ ಭುಜ್, 2004ರ ಸುನಾಮಿಯಲ್ಲಿ ಅಂಡಮಾನ್, ಹೀಗೆ ತಂತಿ-ಟವರ್ ಬಿದ್ದ ಕಡೆಗಳಲ್ಲಿ ನಮ್ಮ ಹ್ಯಾಮ್‌ಗಳು ಸುದ್ದಿ ಮುಟ್ಟಿಸಿದ್ದಾರೆ. ವ್ಯಾಪಾರ ಬೇರೆ ಇಟ್ಟು, ಮನೆಗಾಗಿ ನೀವು ಪರೀಕ್ಷೆ ಬರೆಯಿರಿ ಎಂದು ಮನಸಾರೆ ಹೇಳುತ್ತೇನೆ.

ಕೊಥರೂಡ ಓದುಗಿ, ಪುಣೆ

ನನ್ನದೂ ಒಂದು ಮಾತು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು, ವಾಕಿಟಾಕಿ ಮಾರಾಟಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ಸೆಟ್ ಯಾವ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ, ಪರವಾನಗಿ ಬೇಕೋ ಬೇಡವೋ, ಇಟಿಎ ಅನ್ನುವ ಸಲಕರಣೆ ಅನುಮೋದನೆ ಇದೆಯೋ ಎಂಬುದನ್ನು ಮಾರುವವರು ತೋರಿಸಲೇಬೇಕು. ಹಾಗಾಗಿ ಪುಟದಲ್ಲಿ 446 ಅನ್ನುವ ಅಂಕಿ, ಇಟಿಎ ಸಂಖ್ಯೆ ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಸೆಟ್ ಕೊಳ್ಳಬೇಡಿ. 'ಲೈಸೆನ್ಸ್ ಬೇಡ' ಅಂತ ಬರಿದೇ ಬರೆದಿದ್ದರೆ ಸಾಲದು.

ಸಿಂಹಗಡ ಸರ್, ನನ್ನದೊಂದು ಪ್ರಶ್ನೆ. ನಮ್ಮ ಯಜಮಾನರು ಪರವಾನಗಿ ಪಡೆದರೆ ಎರಡನೇ ಕಾರಿನಲ್ಲಿ ಕೂತು ನಾನು ಮಾತಾಡಬಹುದೇ?

ಸಿಂಹಗಡ ಸಿಗ್ನಲ್, ಪುಣೆ

ಇಲ್ಲ ತಾಯಿ. ಎರಡನೇ ಕಾರಿನ ಮೈಕ್ ಹಿಡಿಯುವವರಿಗೂ ಅವರದೇ ಪರವಾನಗಿ ಬೇಕು. ಸವಾರರ ಮೂರು ಕಾರಿಗೂ ಇದೇ ಮಾತು. ಮೂರರಲ್ಲೂ ಒಬ್ಬೊಬ್ಬ ಹ್ಯಾಮ್ ಇರಬೇಕು.

ಪರೀಕ್ಷೆ ಅಂದರೆ ಹೆದರಬೇಡಿ. ಹನ್ನೆರಡು ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ನಡೆಸುತ್ತದೆ, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಮೊದಲ ಹಂತವಾದ ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಸಂಕೇತ ಬೇಕಿಲ್ಲ. ಓಮ್‌ನ ನಿಯಮ, ಕೆಪ್ಯಾಸಿಟರ್, ರೇಡಿಯೊ ಅಲೆ ಹೇಗೆ ಹರಡುತ್ತದೆ, ನಿಯಮಾವಳಿ, ಇಷ್ಟರ ಮೇಲೆ ಪ್ರಶ್ನೆ. ಪಾಸಾದವರ ಕರೆಸಂಕೇತ ವಿಯು3 ಎಂದು ಶುರುವಾಗುತ್ತದೆ, ಜನರಲ್ ಗ್ರೇಡ್‌ನವರದು ವಿಯು2. ಪರವಾನಗಿ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು, ದಸರಾಕ್ಕೆ ಆಗುವ ಕೆಲಸವಲ್ಲ.

ಚಿಂಚವಾಡ ಸವಾರ, ಪುಣೆ

ಇದೆಲ್ಲ ಗೊತ್ತೇ ಇರಲಿಲ್ಲ. ನಿನ್ನೆ ರಾತ್ರಿ 50 ವ್ಯಾಟ್‌ನ ಮೂರು ಸೆಟ್ ಕಾರ್ಟ್‌ಗೆ ಹಾಕಿ ಇಟ್ಟಿದ್ದೆ, ಈಗ ತೆಗೆದೆ.

ಹಾಗಾದರೆ ಈ ಸಲಕ್ಕೆ 446 ವಾಕಿಟಾಕಿ. ಅರ್ಧ ವ್ಯಾಟ್‌ನಲ್ಲಿ ಘಾಟಿಯಲ್ಲಿ ಎಷ್ಟು ದೂರ ಕೇಳಿಸೀತು? ಮುಂದೆ ಪರೀಕ್ಷೆ ಪಾಸಾದರೆ ಯಾವ ಸೆಟ್, ಹೇಗೆ ಹಾಕಿಸುವುದು ಅನ್ನುವುದನ್ನೂ ತಿಳಿಸಿ.

ವಾಸ್ಕೋ ವೈರಿಂಗ್, ಗೋವಾ

446 ಬಗ್ಗೆ ನಾ ಹೇಳ್ತೀನ್ರಿ. ದೂಧಸಾಗರ ಕಡೆ ಕುಳೆಮಿಗೆ ಹೋದಾಗ ನಮ್ಮ ಎರಡು ಗಾಡ್ಯಾಗ ಇಟ್ಕೊಂಡು ನೋಡೀವಿ. ಬಯಲ ರಸ್ತಾದಾಗ ಒಂದು, ಒಂದೂವರಿ ಕಿಲೋಮೀಟರ್ ತನಕ ಮಾತು ಸ್ವಚ್ಛ. ತಿರುವು ಬಂದು ನಡುವ ಗುಡ್ಡ ಸಿಕ್ರ ಐನೂರು ಮೀಟರಿಗೇ ಕಟ್. ಅದಕ್ಕ ಗಾಡಿಗಳು ಒಂದರ ಹಿಂದ ಒಂದು, ಹಿಂದಿನವ್ರ ದೀಪ ಕಾಣೂವಷ್ಟರಾಗ ಇರಬೇಕು. ಮಾತಾಡೂವಾಗ ಡ್ರೈವರ್ ಬಾಜೂಕ ಕುಂತವರು ಸೆಟ್ ಕಿಟಕಿ ಕಾಚಿಗೆ ಹತ್ರ ನೆಟ್ಟಗ ಹಿಡೀರಿ. ತೊಡಿ ಮ್ಯಾಲ ಮಲಗಿಸಿ ಮಾತಾಡಿದ್ರ ಅರ್ಧಾ ಮಾತು ಗಾಡಿ ಪತ್ರಾನ ನುಂಗ್ತೈತಿ. ಮತ್ತ ಮೂರೂ ಸೆಟ್‌ನಾಗ ಒಂದ ಚಾನಲ್, ಒಂದ ಟೋನ್ (ಬೇರೆಯವ್ರ ಮಾತು ತಡಿಯೂ ಸಂಕೇತ) ಹಾಕಿ ಪುಣೆದಾಗ ನೋಡ್ಕೋರಿ. ಘಾಟಿಯಾಗ ಹೋಗಿ ಬಟನ್ ಹುಡಕಬ್ಯಾಡ್ರಿ.

ಡ್ರೈವರ್ ಕೈಯಾಗ ಮಾತ್ರ ಕೊಡಬ್ಯಾಡ್ರಿ, ಕೈ ಮುಗೀತೀನಿ.

ಸಿಂಹಗಡ ಸಿಗ್ನಲ್, ಪುಣೆ

ವಾಸ್ಕೋದವರು ಹೇಳಿದ್ದು ನೂರಕ್ಕೆ ನೂರು ಸರಿ. ಈಗ ಮುಂದಿನ ಮಾತು, ಪರವಾನಗಿ ಬಂದಮೇಲಿನದು.

ಸವಾರರೇ, ನಿಮ್ಮ ಹತ್ತು ಸಾವಿರದಲ್ಲಿ ಮೊದಲ ಪಾಲು ಆಂಟೆನಾಕ್ಕೆ, ಕೇಬಲ್‌ಗೆ, ಬ್ಯಾಟರಿ ತಂತಿಗೆ ತೆಗೆದಿಡಿ. ಉಳಿದದ್ದರಲ್ಲಿ ಸೆಟ್. ಎಲ್ಲರೂ ಇದನ್ನು ತಲೆಕೆಳಗು ಮಾಡುತ್ತಾರೆ, ನಾನೂ ಮಾಡಿದ್ದೆ. ಲೆಕ್ಕ ನೋಡಿ. 25 ವ್ಯಾಟ್ ಸೆಟ್ ಬಿಟ್ಟು 50 ವ್ಯಾಟ್ ಕೊಂಡರೆ ಹೆಚ್ಚುವುದು 3 ಡೆಸಿಬೆಲ್. ಎದುರಿನವರ ಸೆಟ್‌ನ ಸಿಗ್ನಲ್ ಮೀಟರಿನಲ್ಲಿ ಒಂದು ಮನೆ ಮೇಲೇರಬೇಕಾದರೆ 6 ಡೆಸಿಬೆಲ್ ಬೇಕು, ಅಂದರೆ ಪವರ್ ನಾಲ್ಕು ಪಟ್ಟು ಆಗಬೇಕು. ದುಪ್ಪಟ್ಟು ದುಡ್ಡು ಕೊಟ್ಟು ಅರ್ಧ ಮನೆ ಗೆದ್ದಂತಾಯಿತು. ಅದೇ ಆಂಟೆನಾವನ್ನು ಕಾರಿನ ಒಳಗಿಂದ ಸೂರಿನ ನಡುಮಧ್ಯಕ್ಕೆ ತಂದರೆ ಆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಎರಡು ಮೀಟರ್ ಬ್ಯಾಂಡಿಗೆ, ಅಂದರೆ ಆ 144ರಿಂದ 146ರ ಪಟ್ಟಿಗೆ, ಕಾಲು ತರಂಗದ ಕಡ್ಡಿ ಸುಮಾರು 49 ಸೆಂಟಿಮೀಟರ್. ಮೊದಲ ಸಲ ನಾನು ಅದನ್ನು ಕೂಡಿಸಿದ ದಿನ ಈಗಲೂ ಕಣ್ಣ ಮುಂದಿದೆ. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, 52 ಸೆಂಟಿಮೀಟರ್ ಸ್ಟೀಲ್ ಕಡ್ಡಿ ಹಾಕಿ, ನಡುವೆ ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟೆ. ಆಂಟೆನಾದಿಂದ ಎಷ್ಟು ಪವರ್ ಸೆಟ್‌ಗೆ ತಿರುಗಿ ಬರುತ್ತಿದೆ ಎಂದು ಅದು ತೋರಿಸುತ್ತದೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. 144ರಲ್ಲಿ ಮುಳ್ಳು 1.6ಕ್ಕೆ ನಿಂತಿತು, 146ರಲ್ಲಿ 2.3ಕ್ಕೆ ಏರಿತು. ಕೆಳಗಿನ ತುದಿಯಲ್ಲಿ ಕಡಿಮೆ, ಮೇಲಿನ ತುದಿಯಲ್ಲಿ ಹೆಚ್ಚು ಅಂದರೆ ಕಡ್ಡಿ ಉದ್ದ ಆಯಿತು ಎಂದರ್ಥ. ಒಂದು ಸಲಕ್ಕೆ ಐದು ಮಿಲಿಮೀಟರ್‌ನಂತೆ ಕತ್ತರಿಸುತ್ತ ಬಂದೆ. ಐದನೆಯ ತುಂಡು ಬಿದ್ದಮೇಲೆ 145ರಲ್ಲಿ ಮುಳ್ಳು 1.2ಕ್ಕೆ ಬಂದು ಕೂತಿತು, ಎರಡೂ ತುದಿಯಲ್ಲಿ ಸಮ. ಅಲ್ಲಿಗೇ ಇಕ್ಕಳ ಕೆಳಗಿಟ್ಟೆ, ಯಾಕೆಂದರೆ ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ. 1.5ರ ಒಳಗಿದ್ದರೆ ನೆಮ್ಮದಿ. 3 ದಾಟಿದ್ದರೆ ಒತ್ತಬೇಡಿ, ಸೆಟ್‌ನ ಕೊನೆಯ ಟ್ರಾನ್ಸಿಸ್ಟರಿಗೆ ಅಪಾಯ.

ಕೇಬಲ್ ಬೇಕಾದಷ್ಟೇ ಉದ್ದ ಇರಲಿ. ಆರ್‌ಜಿ-58 ಕೇಬಲ್ 5 ಮೀಟರ್ ಆದರೆ ಸುಮಾರು 1 ಡೆಸಿಬೆಲ್ ಅಲ್ಲೇ ಸೋರುತ್ತದೆ, ಅಂದರೆ ಪವರಿನ ಐದರಲ್ಲೊಂದು ಪಾಲು.

ಮಾಟುಂಗಾ ಮಾವ, ಮುಂಬಯಿ

ನನ್ನ ಹೊಸ ಕಾರಿನ ಸೂರು ಪೂರ್ತಿ ಗಾಜು. ಆಂಟೆನಾದ ಬುಡದ ಮ್ಯಾಗ್ನೆಟ್ ಎಲ್ಲಿ ಕಚ್ಚಿಸುವುದು? ತೂತು ಕೊರೆಯಲಿಕ್ಕೆ ಮನೆಯವರು ಬಿಡುವುದಿಲ್ಲ.

ವಾಸ್ಕೋ ವೈರಿಂಗ್, ಗೋವಾ

ಡಿಕ್ಕಿ ಬಾಗಿಲ ಅಂಚಿಗೆ ಹಿಡಿಸೂ ಕ್ಲಾಂಪ್ ಬರ್ತಾವ್ರಿ ಮಾವಾ, ತೂತು ಬ್ಯಾಡ. ಆದರ ಅದರ ಸಣ್ಣ ಸ್ಕ್ರೂ ಬಣ್ಣ ಕೊರದು ಒಳಗಿನ ಲೋಹಕ್ಕ ಮುಟ್ಟಬೇಕು, ಇಲ್ಲಾಂದ್ರ ಆಂಟೆನಾಕ್ಕ ನೆಲ, ಅಂದ್ರ ಅರ್ಥಿಂಗ್, ಸಿಗೂದಿಲ್ಲ. ಮುಟ್ಟಿದ ಜಾಗಾಕ್ಕ ಗ್ರೀಸ್ ಹಚ್ಚರಿ, ನಿಮ್ಮಲ್ಲೂ ನಮ್ಮಲ್ಲೂ ಸಮುದ್ರದ ಉಪ್ಪುಗಾಳಿ. ಮ್ಯಾಗ್ನೆಟ್ ಹಾಕಿದವರು ವಾರಕ್ಕೊಮ್ಮೆ ಎತ್ತಿ ಒರಸಬೇಕು. ಒಂದು ಮಳಿಗಾಲ ಹಂಗ ಬಿಟ್ಟ ಗಾಡಿ ನನ್ನ ಹತ್ರ ಬಂದಿತ್ತು. ಮ್ಯಾಗ್ನೆಟ್ ಎತ್ತಿದ್ರ ಕೆಳಗ ದುಂಡಕ ಕೆಂಪು ತುಕ್ಕು, ಬಣ್ಣ ಪಾಪಡದಂಗ ಎದ್ದು ಬಂತು. ಪಾಪ, ಹೊಸಾ ಗಾಡಿ.

ಕರೆಂಟಿನ ಮಾತು ಕೇಳ್ರಿ. 50 ವ್ಯಾಟ್ ಸೆಟ್ ಮಾತಾಡೂವಾಗ ಹತ್ತು-ಹನ್ನೆರಡು ಆಂಪಿಯರ್ ಎಳೀತೈತಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕಬ್ಯಾಡ್ರಿ, ಬ್ಯಾಟರಿಯಿಂದ ಸೀದಾ ತರ್ರಿ. ತಂತಿ 4 ಚದರ ಮಿಲಿಮೀಟರ್ ತಾಮ್ರದ್ದು ಇರಲಿ. ಹೋಗಿ ಬರೂ ಆರು ಮೀಟರಿಗೆ ಅದರಾಗ 0.3 ವೋಲ್ಟ್ ಇಳೀತೈತಿ. ಸ್ಪೀಕರಿಗೆ ಹಾಕೂ 1 ಚದರದ ತಂತಿ ಹಾಕಿದ್ರ ಒಂದು ವೋಲ್ಟ್‌ಗಿಂತ ಜಾಸ್ತಿ ಹೋಕ್ಕೈತಿ, ತಂತೀನೂ ಬಿಸಿ. ಫ್ಯೂಸ್ ಬ್ಯಾಟರಿ ಬುಡದಾಗ ಹಾಕರಿ, ಸೆಟ್ ಹತ್ರ ಅಲ್ಲ. ತಂತಿ ಎಲ್ಲರೆ ಪತ್ರಾಕ್ಕ ತಿಕ್ಕಿ ಶಾರ್ಟ್ ಆದ್ರ ಬೆಂಕಿ ಏಳೂದು ನಡುವಿನ ತಂತಿಗೇ.

ಈಗಿನ ಗಾಡಿಗಳಾಗ ಬ್ಯಾಟರಿ ನೆಗೆಟಿವ್ ಟರ್ಮಿನಲ್ ಮ್ಯಾಲ ಒಂದು ಸೆನ್ಸರ್ ಇರ್ತೈತಿ. ಅಂಥಾ ಗಾಡಿಗೆ ಸೆಟ್‌ನ ಕರಿ ತಂತಿ ಟರ್ಮಿನಲ್‌ಗೆ ಬ್ಯಾಡ, ಬ್ಯಾಟರಿ ನೆಲತಂತಿ ಬಾಡಿಗೆ ಬೋಲ್ಟ್ ಆಗಿರೂ ಜಾಗಾಕ್ಕ ಕೊಡ್ರಿ. ಇಲ್ಲಾಂದ್ರ ಬ್ಯಾಟರಿ ಲೆಕ್ಕಾ ತಪ್ಪತೈತಿ. ಮತ್ತ ಕಿಟಕಿ ಬಾಜೂ ಕಂಬದೊಳಗ ಏರ್‌ಬ್ಯಾಗ್ ಇರ್ತಾವು, ಅದರ ಮುಂದ ಕೇಬಲ್ ಹಾಯಿಸಬ್ಯಾಡ್ರಿ. ಬಾಗಿಲ ಕೆಳಗಿನ ಪಟ್ಟಿಯೊಳಗಿಂದ ಒಯ್ರಿ. ಇದು ಜೀವದ ಪ್ರಶ್ನೆ.

ಕೊಥರೂಡ ಓದುಗಿ, ಪುಣೆ

ನಮ್ಮ ಪರಿಚಯದವರ ಕಾರಿನಲ್ಲಿ ಆಕ್ಸಲರೇಟರ್ ಒತ್ತಿದಷ್ಟೂ ಸೆಟ್‌ನಲ್ಲಿ ಕುಂಯ್ ಎಂಬ ಸದ್ದು ಏರುತ್ತದೆ. ಅದು ಯಾಕೆ ಅಣ್ಣಾ?

ವಾಸ್ಕೋ ವೈರಿಂಗ್, ಗೋವಾ

ಆಲ್ಟರ್ನೇಟರ್ ಸದ್ದು ಅಕ್ಕಾರ. ಡ್ಯಾಶ್‌ಬೋರ್ಡ್‌ನಾಗಿಂದ ಕರೆಂಟ್ ಕದ್ದಿರ್ತಾರ, ಹೆಚ್ಚಾಗಿ ಅದ ಕಾರಣ. ಬ್ಯಾಟರಿಯಿಂದ ಸೀದಾ ತಂದು, ನೆಲ ಗಟ್ಟಿ ಮಾಡಿದ್ರ ಹತ್ತರಾಗ ಎಂಟು ಗಾಡಿಗೆ ಹೋಕ್ಕೈತಿ.

ಸಿಂಹಗಡ ಸಿಗ್ನಲ್, ಪುಣೆ

ಸೆಟ್ ಯಾವುದು ಎಂಬುದಕ್ಕೆ ಕೊನೆಗೂ ಬರುತ್ತೇನೆ. ಕಡಿಮೆ ಖರ್ಚು ಅಂದರೆ ನನ್ನ ಓಟು ಒಂದೇ ಬ್ಯಾಂಡಿನ, ಹಳೆಯ, ಗಟ್ಟಿ ಎರಡು ಮೀಟರ್ ಸೆಟ್‌ಗೆ. ಕೆನ್‌ವುಡ್ ಟಿಎಂ-281, ಐಕಾಮ್ ಐಸಿ-2300, ಎರಡೂ 65 ವ್ಯಾಟ್‌ನವು. ಯೇಸು ಎಫ್‌ಟಿ-2980 ಆದರೆ 80 ವ್ಯಾಟ್. ಮೈಗೆಲ್ಲ ಅಲ್ಯೂಮಿನಿಯಂ ರೆಕ್ಕೆ, ಗುಂಡಿಗಳು ದೊಡ್ಡವು, ಕತ್ತಲಲ್ಲೂ ಕೈಗೆ ಸಿಗುತ್ತವೆ. ಹಿರಿಯ ಹ್ಯಾಮ್‌ಗಳು ಹೊಸದಕ್ಕೆ ಹೋಗುವಾಗ ಇಂಥವನ್ನು ಬಿಟ್ಟುಕೊಡುತ್ತಾರೆ, ಪರವಾನಗಿ ಇದ್ದವರಿಗೆ ಮಾತ್ರ. ಕೊಳ್ಳುವ ಮೊದಲು ಆಂಟೆನಾದ ಬದಲು ಡಮ್ಮಿ ಲೋಡ್ (ಪವರನ್ನು ಹೊರಬಿಡದೆ ನುಂಗುವ ಸಾಧನ) ಹಾಕಿ ಎರಡು ನಿಮಿಷ ಒತ್ತಿ ಹಿಡಿದು ಪವರ್ ಕುಸಿಯುತ್ತದೆಯೋ ನೋಡಿ, ಮೈಕಿನ ಸುರುಳಿ ತಂತಿ ಎಳೆದು ಅಲುಗಾಡಿಸಿ ನೋಡಿ. ಪೂರ್ತಿ ಪವರ್ ಯಾವತ್ತೂ ಬಳಸಬೇಕೆಂದಿಲ್ಲ. ನಿಮ್ಮ ಪರವಾನಗಿಯಲ್ಲಿ ಬರೆದ ಮಿತಿಯೊಳಗೆ ಲೋ ಪವರ್‌ನಲ್ಲಿ ಇಡಿ.

ಅಂಗೈ ಅಗಲದ ಹೊಸ ಎರಡು ಬ್ಯಾಂಡಿನ ಸೆಟ್‌ಗಳೂ ಇವೆ, 20-25 ವ್ಯಾಟ್, ಬೆಲೆ ಕಡಿಮೆ, ಜಾಗ ಬೇಡ. ಒಂದನ್ನು ನಾನು ವರ್ಷವಿಡೀ ಓಡಿಸಿದೆ. ಹಳ್ಳಿ ದಾರಿಯಲ್ಲಿ ಸೊಗಸು. ಊರೊಳಗೆ ಟವರ್‌ಗಳ ನಡುವೆ ಬಂದಾಗ ಬೇರೆಯವರ ಗಟ್ಟಿ ಸಿಗ್ನಲ್ ನುಗ್ಗಿ ನಮ್ಮವರ ದನಿ ಮುಳುಗುತ್ತಿತ್ತು. ಅಗ್ಗದ ಸೆಟ್‌ನಲ್ಲಿ ಖರ್ಚು ಉಳಿಸುವುದು ಸಿಗ್ನಲ್ ಹಿಡಿಯುವ ರಿಸೀವರ್ ಭಾಗದ ಸೋಸುವಿಕೆಯಲ್ಲೇ. ಕೇಳಿಸದಿದ್ದರೆ ಕೂಗಿ ಏನು ಬಂತು?

ರೇಂಜ್ ಬಗ್ಗೆ ಒಂದು ಸೂತ್ರ ಇಟ್ಟುಕೊಳ್ಳಿ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಬರುತ್ತದೆ. ಕಾರಿನ ಸೂರು ಒಂದೂವರೆ ಮೀಟರ್, ದಿಗಂತ 5 ಕಿಲೋಮೀಟರ್. ಎರಡು ಕಾರು ಸೇರಿ 10, ಅದೂ ಅಂಗೈಯಂಥ ಬಯಲಿನಲ್ಲಿ. ಅದೇ ಸಿಂಹಗಡ ಪುಣೆ ಪೇಟೆಗಿಂತ ಸುಮಾರು 750 ಮೀಟರ್ ಎತ್ತರ. ಅಂಥ ನೆತ್ತಿಯಿಂದ 110 ಕಿಲೋಮೀಟರ್ ದಾಟುತ್ತದೆ, ನಡುವೆ ಬೇರೆ ಬೆಟ್ಟ ಅಡ್ಡ ಬರದಿದ್ದರೆ. ಹ್ಯಾಮ್‌ಗಳು ಎತ್ತರದಲ್ಲಿ ರಿಪೀಟರ್ ಇಡುವುದು ಇದಕ್ಕೇ. ನಿಮ್ಮ ದನಿಯನ್ನು ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡು, 600 ಕಿಲೋಹರ್ಟ್ಸ್ ಆಚೆ ಇನ್ನೊಂದರಲ್ಲಿ ಅದೇ ಕ್ಷಣ ಬಿತ್ತರಿಸುತ್ತದೆ. ಹತ್ತು ವ್ಯಾಟ್‌ನ ಕಾರು ಸೆಟ್ ಒಂದು ರಿಪೀಟರ್ ಹಿಡಿದರೆ ಎಂಬತ್ತು ವ್ಯಾಟ್‌ನ ಹಮ್ಮು ಬೇಕಾಗಿಲ್ಲ.

ಚಿಂಚವಾಡ ಸವಾರ, ಪುಣೆ

ಹೋಗಿ ಬಂದೆವು. ಬರೆಯಲು ತಡವಾಯಿತು, ಕ್ಷಮಿಸಿ.

ಇಟಿಎ ಇರುವ 446ರ ಮೂರು ವಾಕಿಟಾಕಿ ಒಯ್ದಿದ್ದೆವು. ಹೆದ್ದಾರಿಯಲ್ಲಿ ಎಲ್ಲಿ ಚಹಾಕ್ಕೆ ನಿಲ್ಲುವುದು ಅನ್ನುವುದಕ್ಕೆ ಮಕ್ಕಳೇ ಮಾತಾಡಿದರು. ಆಂಬೋಲಿಯಲ್ಲಿ ಮತ್ತೆ ಮಂಜು. ವಾಸ್ಕೋ ಅಣ್ಣ ಹೇಳಿದಂತೆ ಕಾರುಗಳನ್ನು ದೂರ ಬಿಡಲಿಲ್ಲ, ನನ್ನ ಹೆಂಡತಿ ಸೆಟ್ಟನ್ನು ಕಿಟಕಿಗೆ ನೆಟ್ಟಗೆ ಹಿಡಿದಿದ್ದಳು. ಎರಡು ತಿರುವಿನಲ್ಲಿ ದನಿ ಹೋಗಿ ಬರೀ ಗರಗರ ಸದ್ದು. ನಾವು ನಿಧಾನ ಮಾಡಿ, ರಸ್ತೆ ಅಗಲ ಇದ್ದ ಕಡೆ ದೀಪ ಮಿಟುಕಿಸುತ್ತ ನಿಂತೆವು. ಅರ್ಧ ನಿಮಿಷಕ್ಕೆ ಹಿಂದಿನ ಕಾರಿನಿಂದ ನಮ್ಮವ್ವನ ದನಿ ಬಂತು: "ಏ ತಮ್ಮಾ, ನಿಮ್ಮ ದೀಪ ಕಾಣಾಕತ್ತೈತಿ, ನಡೀರಿ ಮುಂದ."

ನಾನೂ, ಭಾವನೂ, ನನ್ನ ಹದಿಮೂರರ ಮಗಳೂ ಸರಳ್ ಸಂಚಾರ್‌ನಲ್ಲಿ ಅರ್ಜಿ ಹಾಕಿದ್ದೇವೆ. ಸಿಂಹಗಡ ಸರ್, ಕೆಪ್ಯಾಸಿಟರ್‌ನ ಲೆಕ್ಕ ಅವಳಿಗೆ ಬಂತು, ನಮಗಿಬ್ಬರಿಗೆ ಬರುತ್ತಿಲ್ಲ. ಭಾನುವಾರ ಮನೆಗೆ ಬಂದರೆ ಹೇಳಿಕೊಡುತ್ತೀರಾ?

ಸಿಂಹಗಡ ಸಿಗ್ನಲ್, ಪುಣೆ

ಹತ್ತು ಗಂಟೆಗೆ ಬನ್ನಿ, ಮಗಳನ್ನೂ ಕರೆತನ್ನಿ. ಅವಳ ಕೈಗೆ ಆ ಎಸ್‌ಡಬ್ಲ್ಯುಆರ್ ಮೀಟರ್ ಕೊಡುತ್ತೇನೆ.